ಕದ್ದ ತಾಳ, ಸ್ವಂತ ಮಾತು

ಶನಿವಾರ ಬೆಳಿಗ್ಗೆ. ನ್ಯೂಯಾರ್ಕಿನ ಬ್ರಾಂಕ್ಸ್ ಕಡೆಯ ಯಾವುದಾದರೂ ಕ್ಷೌರದಂಗಡಿ. ನಾಲ್ಕು ಕುರ್ಚಿ, ಸರದಿಗೆ ಕಾಯುತ್ತ ಕೂತ ಹತ್ತು ಮಂದಿ, ಟ್ರಿಮ್ಮರಿನ ಗುಂಯ್‌ಗುಡುವ ಸದ್ದು. ಯಾರದೋ ಫೋನಿನಿಂದ ಹೊಸ ರ‍್ಯಾಪ್ ಹಾಡೊಂದು ಹೊರಬೀಳುತ್ತದೆ. ಐವತ್ತು ದಾಟಿದ ಕ್ಷೌರಿಕ ಕೈ ನಿಲ್ಲಿಸಿ ಮುಖ ಸಿಂಡರಿಸುತ್ತಾನೆ. ಇದೂ ಒಂದು ಹಾಡೇ? ಒಂದು ಪದವಾದರೂ ಕಿವಿಗೆ ಬಿತ್ತೇ? ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದಲ್ಲ? ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತ ಹತ್ತೊಂಬತ್ತರ ಹುಡುಗ ಬಿಡುತ್ತಾನೆಯೇ? ನಿಮ್ಮ ಕಾಲದವರು ಸ್ವಂತದ್ದು ಅಂತ ಏನು ಮಾಡಿದರು, ಅಪ್ಪನ ಹಳೇ ರೆಕಾರ್ಡಿನಿಂದ ಕದ್ದದ್ದು ತಾನೇ ಎಂದು ಕೇಳುತ್ತಾನೆ. ಇನ್ನು ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಬೇರೆ ಮಾತಿಲ್ಲ. ಸಾರ್ವಕಾಲಿಕ ಶ್ರೇಷ್ಠ ಐವರ ಪಟ್ಟಿ ಪ್ರತಿಯೊಬ್ಬನ ಬಾಯಲ್ಲೂ ಸಿದ್ಧವಾಗಿರುತ್ತದೆ. ಎರಡು ಪಟ್ಟಿ ತಾಳೆಯಾದದ್ದನ್ನು ಕಂಡವರಿಲ್ಲ.

ಹಿಪ್ ಹಾಪ್ ಇರುವಲ್ಲೆಲ್ಲ ಈ ಜಗಳವೂ ಇದೆ. ಹಳೆಯದರಲ್ಲಿ ಕಲೆಯಿತ್ತು, ಹೊಸದು ನಕಲು ಎನ್ನುವುದು ಒಂದು ಪಕ್ಷ. ಹಳೆಯದೇ ನಕಲಿನಿಂದ ಹುಟ್ಟಿದ್ದು ಎನ್ನುವುದು ಇನ್ನೊಂದು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ನಕಲು ಎಂದರೆ ಏನೆಂಬುದನ್ನೇ ಇತ್ಯರ್ಥ ಮಾಡಿಕೊಳ್ಳದೆ ಜಗಳಕ್ಕೆ ಇಳಿದಿರುತ್ತಾರೆ. ಈ ಸಂಗೀತದಲ್ಲಿ ಯಾವುದನ್ನು ಎತ್ತಿಕೊಳ್ಳಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದಕ್ಕೆ ಮೊದಲಿನಿಂದಲೂ ಒಂದು ಕಟ್ಟಳೆ ಇತ್ತು.

ನೀರಲ್ಲಿ ನೆನೆಸಿದ ಲೇಬಲ್ಲು

1973ರ ಆಗಸ್ಟ್ 11. ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಾಮೂಹಿಕ ಕೋಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ನಾಲ್ಕು ಕಾಸು ಮಾಡಿಕೊಳ್ಳುವುದು ಅವಳ ಉದ್ದೇಶ. ರೆಕಾರ್ಡ್ ಹಾಕಲು ಕೂತವನು ಅವಳ ಅಣ್ಣ ಕ್ಲೈವ್. ಜಮೈಕಾದಿಂದ ಬಂದ ಕುಟುಂಬದ ಈ ಹುಡುಗನೇ ಡಿಜೆ ಕೂಲ್ ಹರ್ಕ್. ಹಿಪ್ ಹಾಪ್‌ನ ಹುಟ್ಟುಹಬ್ಬ ಎಂದು ಇಂದಿಗೂ ಆಚರಿಸುವುದು ಆ ದಿನವನ್ನೇ.

ಹರ್ಕ್ ಒಂದು ಸಂಗತಿ ಗಮನಿಸಿದ್ದ. ಫಂಕ್ ಹಾಡುಗಳ ನಡುವೆ ಹಾಡುಗಾರಿಕೆ ನಿಂತು ಬರೀ ಡ್ರಮ್ ಉಳಿಯುವ ಕೆಲವು ಸೆಕೆಂಡುಗಳಿರುತ್ತವೆ. ಕುಣಿಯುವವರು ಮೈಬಿಟ್ಟು ಕುಣಿಯುವುದು ಆಗಲೇ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ತಿರುಗುಮಣೆಯ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡಿದ. ಕೆಲವೇ ಸೆಕೆಂಡಿನ ತುಣುಕು ನಿಮಿಷಗಟ್ಟಲೆ ಬೆಳೆಯಿತು. ಅದರ ಮೇಲೆ ಮೈಕ್ ಹಿಡಿದು ಪ್ರಾಸ ಕಟ್ಟಿ ಹೇಳುವವರು ಬಂದರು. ಅವರಿಗೆ ಎಂಸಿ ಎಂಬ ಹೆಸರು ಬಿತ್ತು.

ಮೊದಲ ದಿನದಿಂದಲೇ ಸಂಗೀತ ಬೇರೆಯವರದು. ಸ್ವಂತದ್ದೆಂದರೆ ಆರಿಸುವ ಕಿವಿ, ಕೈಚಳಕ, ಮೇಲೆ ಹೇಳುವ ಮಾತು. ಆ ಆಯ್ಕೆಯನ್ನು ಹರ್ಕ್ ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ ರೆಕಾರ್ಡುಗಳ ಮೇಲಿನ ಲೇಬಲ್ಲನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ಎದುರಾಳಿ ಡಿಜೆ ಇಣುಕಿ ನೋಡಿ ಅದು ಯಾರ ಹಾಡೆಂದು ತಿಳಿದುಕೊಳ್ಳಬಾರದಲ್ಲ. ಎತ್ತಿಕೊಂಡ ಮಾಲನ್ನೇ ಇನ್ನೊಬ್ಬ ಎತ್ತದಂತೆ ಮುಚ್ಚಿಡುವುದು ತಮಾಷೆಯಾಗಿ ಕಾಣಬಹುದು. ಅವರಿಗೆ ಅದು ಮಾನದ ಪ್ರಶ್ನೆ.

ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗ ಹಳೆಯದು, ಭಾಗವತರು ಎತ್ತುವ ಪದ್ಯ ಎಲ್ಲರಿಗೂ ಬಾಯಿಪಾಠ. ಅರ್ಥಧಾರಿ ಅದರ ಮೇಲೆ ಏನು ಕಟ್ಟುತ್ತಾನೆ ಎಂಬುದಕ್ಕೇ ಜನ ರಾತ್ರಿಯಿಡೀ ಕೂರುತ್ತಾರೆ. ಪದ್ಯ ಹಳತಾಯಿತೆಂದು ಯಾರೂ ಎದ್ದು ಹೋಗುವುದಿಲ್ಲ. ಆದರೆ ಒಬ್ಬ ದೊಡ್ಡ ಅರ್ಥಧಾರಿಯ ಮಾತನ್ನು ಇನ್ನೊಬ್ಬ ಚಾಚೂ ತಪ್ಪದೆ ಒಪ್ಪಿಸಿದರೆ ಸಭೆಯಲ್ಲಿ ನಗೆಪಾಟಲಾಗುತ್ತಾನೆ. ಬ್ರಾಂಕ್ಸ್‌ನ ಕಟ್ಟಳೆಯೂ ಹಾಗೇ: ತಾಳ ಯಾರದ್ದಾದರೂ ಆಗಲಿ, ಮಾತು ನಿನ್ನದಿರಬೇಕು. ಇನ್ನೊಬ್ಬನ ಸಾಲನ್ನೋ ಧಾಟಿಯನ್ನೋ ಎತ್ತಿದವನಿಗೆ ‘ಬೈಟರ್’ ಎಂಬ ಬಿರುದು. ಅದಕ್ಕಿಂತ ಕೀಳು ಬೈಗುಳ ಆ ವಲಯದಲ್ಲಿ ಇನ್ನೊಂದಿಲ್ಲ.

ಪಿಜ್ಜಾ ಅಂಗಡಿಯ ಗಾಯಕ

ರ‍್ಯಾಪನ್ನು ಜಗತ್ತಿಗೆ ಮುಟ್ಟಿಸಿದ ಮೊದಲ ಜನಪ್ರಿಯ ಹಾಡು ಈ ಕಟ್ಟಳೆಯ ಎರಡೂ ತುದಿಯನ್ನು ಮುರಿದುಕೊಂಡೇ ಬಂತು. 1979ರ ‘ರ‍್ಯಾಪರ್ಸ್ ಡಿಲೈಟ್’ ಅದು. ನ್ಯೂಜೆರ್ಸಿಯಲ್ಲಿ ಧ್ವನಿಮುದ್ರಣ ಸಂಸ್ಥೆ ನಡೆಸುತ್ತಿದ್ದ ಸಿಲ್ವಿಯಾ ರಾಬಿನ್ಸನ್‌ಗೆ ರ‍್ಯಾಪ್ ಹೇಳುವ ಹುಡುಗರು ಬೇಕಿದ್ದರು. ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಅಲ್ಲೇ ನಿಂತು ಹೇಳಿ ತೋರಿಸಿದ. ಹೇಳಿದ್ದು ಅವನದಲ್ಲ. ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ನುರಿತ ಎಂಸಿಯ ನೋಟ್‌ಬುಕ್ಕಿನದು. ಕ್ಯಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಳ್ಳುವ ಸಾಲೊಂದಿತ್ತು. ಹ್ಯಾಂಕ್ ಅದನ್ನೂ ಹಾಗೇ ಹಾಡಿಬಿಟ್ಟ! ಕದ್ದ ಪಾತ್ರೆಯ ಮೇಲೆ ಕೊರೆಸಿದ ಹೆಸರನ್ನಾದರೂ ಅಳಿಸಬಾರದೇ ಎಂದು ಕೇಳುವವರಿರಲಿಲ್ಲ. ಕ್ಯಾಜ್‌ಗೆ ಹೆಸರೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಹಾಡಿನ ಬೇಸ್ ಗಿಟಾರಿನ ನಡೆ ಆ ವರ್ಷವೇ ಬಂದಿದ್ದ ‘ಶೀಕ್’ ತಂಡದ ‘ಗುಡ್ ಟೈಮ್ಸ್’ ಹಾಡಿನದು. ಸ್ಟುಡಿಯೋ ವಾದಕರಿಂದ ಮತ್ತೆ ನುಡಿಸಿದ್ದು. ಆ ಹಾಡಿನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕೋರ್ಟಿನ ಬೆದರಿಕೆ ಹಾಕಿದ ಮೇಲೆ ಇಬ್ಬರ ಹೆಸರೂ ರಚನೆಕಾರರ ಪಟ್ಟಿ ಸೇರಿತು. ಟ್ಯೂನ್ ಕೊಟ್ಟವರಿಗೆ ಕಾನೂನು ಸಿಕ್ಕಿತು, ಮಾತು ಕೊಟ್ಟವನಿಗೆ ಸಿಗಲಿಲ್ಲ. ಹಳೆಯ ಕಾಲದ ಶುದ್ಧತೆಯ ಬಗ್ಗೆ ಭಾಷಣ ಮಾಡುವವರು ಈ ಒಂದು ಹಾಡನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಬೇರೆಯವರಿಂದ ಬರೆಸುವುದೂ ಹೊಸ ರೋಗವಲ್ಲ. 2015ರಲ್ಲಿ ಡ್ರೇಕ್ ತನ್ನ ಸಾಲುಗಳನ್ನು ಇನ್ನೊಬ್ಬನಿಂದ ಬರೆಸುತ್ತಾನೆಂದು ಮೀಕ್ ಮಿಲ್ ಬಹಿರಂಗವಾಗಿ ಹೇಳಿದಾಗ ಲೋಕ ಮುಳುಗಿದಷ್ಟು ಗುಲ್ಲಾಯಿತು. ಆದರೆ 1987ರಲ್ಲೇ ಈಝಿ-ಇ ಹಾಡಿದ್ದನ್ನು ಬರೆದವನು ಐಸ್ ಕ್ಯೂಬ್. ಬಿಜ್ ಮಾರ್ಕಿಗೆ ಬರೆದುಕೊಡುತ್ತಿದ್ದವನು ಬಿಗ್ ಡ್ಯಾಡಿ ಕೇನ್. ವ್ಯತ್ಯಾಸ ಇಷ್ಟೇ: ಬರೆಸಿಕೊಂಡ ಆ ಇಬ್ಬರೂ ತಾವೇ ಅತ್ಯುತ್ತಮ ಕವಿಗಳೆಂದು ಹೇಳಿಕೊಂಡು ತಿರುಗುತ್ತಿರಲಿಲ್ಲ.

ಹತ್ತು ಸೆಕೆಂಡಿನ ಯಂತ್ರ

ಹಳೆಯವರ ಪರ ವಾದಿಸುವವರ ಕೈಯಲ್ಲಿರುವ ಬಲವಾದ ಸಾಕ್ಷಿ 1987ರಿಂದ 1991ರ ನಡುವಿನದು. ಇ-ಮ್ಯೂ ಕಂಪನಿಯ ಎಸ್‌ಪಿ-1200 ಎಂಬ ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು. ರೆಕಾರ್ಡಿನಿಂದ ಸದ್ದನ್ನು ಹೀರಿ ತನ್ನೊಳಗೆ ಇಟ್ಟುಕೊಂಡು, ಗುಂಡಿ ಒತ್ತಿದಾಗ ನುಡಿಸುವ ಯಂತ್ರ. ಹಾಗೆ ಎತ್ತಿಕೊಂಡ ಚೂರಿಗೆ ಸ್ಯಾಂಪಲ್ ಎಂದು ಹೆಸರು. ಆದರೆ ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಒಟ್ಟು ಸುಮಾರು 10 ಸೆಕೆಂಡು ಮಾತ್ರ.

ಇಷ್ಟರಲ್ಲಿ ಇಡೀ ಹಾಡು ಕಟ್ಟಬೇಕು. ಹುಡುಗರು ಒಂದು ಉಪಾಯ ಹುಡುಕಿದರು. 33 ಸುತ್ತಿನ ಎಲ್‌ಪಿ ರೆಕಾರ್ಡನ್ನು 45ರ ವೇಗಕ್ಕೆ ಹಾಕಿ, ಕೀಚಲಾಗಿ ಓಡುವ ಸದ್ದನ್ನು ಯಂತ್ರಕ್ಕೆ ತುಂಬುವುದು. ಜಾಗ ಕಡಿಮೆ ಸಾಕು. ಆಮೇಲೆ ಯಂತ್ರದೊಳಗೇ ಅದನ್ನು ನಿಧಾನ ಮಾಡಿ ಮೂಲ ಶ್ರುತಿಗೆ ಇಳಿಸುವುದು. ಹಾಗೆ ಇಳಿಸುವಾಗ ಸದ್ದು ಒರಟಾಗುತ್ತಿತ್ತು, ಮರಳು ಬೆರೆತಂತೆ ಗರಗರ ಎನ್ನುತ್ತಿತ್ತು. ಆ ಕಾಲದ ಹಾಡುಗಳ ಡ್ರಮ್ಮಿಗೆ ಇರುವ ಮಣ್ಣಿನ ಗುಣ ಬಂದದ್ದು ಈ ಜುಗ್ಗತನದಿಂದ. ಇವತ್ತು ಅದೇ ಗರಗರ ಬರಿಸಲು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಾರೆ.

ಪಬ್ಲಿಕ್ ಎನಿಮಿ ತಂಡದ 1988ರ ಆಲ್ಬಂ ಕೇಳಿದರೆ ಒಂದೇ ಹಾಡಿನಲ್ಲಿ ಸೈರನ್ನು, ಭಾಷಣ, ಸ್ಯಾಕ್ಸೊಫೋನಿನ ಚೀತ್ಕಾರ, ಡ್ರಮ್ಮಿನ ಚೂರು ಒಂದರ ಮೇಲೊಂದು ಪೇರಿಸಿರುವುದು ಗೊತ್ತಾಗುತ್ತದೆ. ಯಾವುದು ಎಲ್ಲಿಂದ ಬಂತೆಂದು ಬಿಡಿಸುವುದು ಕಷ್ಟ. 1989ರ ಡಿ ಲಾ ಸೋಲ್ ಆಲ್ಬಮ್ಮಿನಲ್ಲಿ ಫ್ರೆಂಚ್ ಭಾಷಾ ಪಾಠದ ರೆಕಾರ್ಡೂ ಇದೆ, ಅರವತ್ತರ ದಶಕದ ಪಾಪ್ ಹಾಡೂ ಇದೆ. ಇದನ್ನು ಕದ್ದ ಸಂಗೀತ ಎನ್ನುವುದಾದರೆ ಕದಿಯುವುದೂ ಒಂದು ವಿದ್ಯೆಯೇ. ಎತ್ತಿಕೊಂಡ ಚೂರಿಗೂ ಅದರಿಂದ ಹುಟ್ಟಿದ ಹಾಡಿಗೂ ಸಂಬಂಧವೇ ಉಳಿದಿರುತ್ತಿರಲಿಲ್ಲ.

ಹಾಗೆಂದು ಇದನ್ನು ಬರೀ ಮೆಚ್ಚಿ ಮುಂದೆ ಹೋಗುವಂತಿಲ್ಲ. ಜೇಮ್ಸ್ ಬ್ರೌನ್‌ನ 1970ರ ‘ಫಂಕಿ ಡ್ರಮ್ಮರ್’ ಹಾಡಿನ ಬ್ರೇಕನ್ನು ಸಾವಿರಕ್ಕೂ ಹೆಚ್ಚು ಹಾಡುಗಳು ಬಳಸಿಕೊಂಡಿವೆ. ನುಡಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಅವನು ಸಂಬಳದ ವಾದಕ, ರಚನೆಕಾರನಲ್ಲ. ಹಾಗಾಗಿ ರಾಯಧನವೂ ಇಲ್ಲ. ಅವನ ಕ್ಯಾನ್ಸರ್ ಚಿಕಿತ್ಸೆಯ ಸುಮಾರು 90 ಸಾವಿರ ಡಾಲರ್ ಬಿಲ್ಲನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ ವಿಷಯ ಪ್ರಿನ್ಸ್ ತೀರಿಕೊಂಡ ಮೇಲೆ ಹೊರಬಂತು. ‘ಏಮೆನ್ ಬ್ರದರ್’ ಎಂಬ 1969ರ ಹಾಡಿನ ಆರೇಳು ಸೆಕೆಂಡಿನ ಬ್ರೇಕ್ ಇನ್ನೂ ಹೆಚ್ಚು ಬಳಕೆಯಾಯಿತು. ಅದನ್ನು ನುಡಿಸಿದ ಗ್ರೆಗರಿ ಕೋಲ್ಮನ್ 2006ರಲ್ಲಿ ಮನೆಯಿಲ್ಲದ ಸ್ಥಿತಿಯಲ್ಲಿ ಸತ್ತ. ಹಳೆಯದೋ ಹೊಸದೋ ಎಂಬ ಕ್ಷೌರದಂಗಡಿಯ ಜಗಳದಲ್ಲಿ ಈ ಇಬ್ಬರ ಹೆಸರು ಬರುವುದೇ ಅಪರೂಪ.

ತೀರ್ಪು ಬದಲಿಸಿದ ಸದ್ದು

1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ ಒಂದು ತೀರ್ಪು ಕೊಟ್ಟರು. ಬಿಜ್ ಮಾರ್ಕಿ ತನ್ನ ಹಾಡೊಂದಕ್ಕೆ ಗಿಲ್ಬರ್ಟ್ ಓ'ಸಲಿವನ್‌ನ ಜನಪ್ರಿಯ ಹಾಡಿನ ಪಿಯಾನೊ ತುಣುಕನ್ನು ಅನುಮತಿ ಸಿಗದಿದ್ದರೂ ಬಳಸಿದ್ದ. ಕದಿಯಬೇಡ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರುವಾಗುತ್ತದೆ. ಕ್ರಿಮಿನಲ್ ಕ್ರಮವನ್ನೂ ಪರಿಶೀಲಿಸಿ ಎಂದು ನ್ಯಾಯಾಧೀಶರು ಸರ್ಕಾರಿ ವಕೀಲರಿಗೆ ಕಳಿಸಿದರು. ಬಿಜ್ ಮಾರ್ಕಿಯೇನು ಕಡಿಮೆಯವನಲ್ಲ. ಎಲ್ಲ ಸ್ಯಾಂಪಲ್ಲಿಗೂ ಅನುಮತಿ ಪಡೆದಿದ್ದೇನೆ ಎಂಬುದನ್ನೇ 1993ರ ಆಲ್ಬಮ್ಮಿಗೆ ಹೆಸರಾಗಿಟ್ಟ.

ಅಲ್ಲಿಂದಾಚೆಗೆ ಪ್ರತಿ ಚೂರಿಗೂ ಎರಡು ಬಾಗಿಲು ತಟ್ಟಬೇಕಾಯಿತು. ಧ್ವನಿಮುದ್ರಣದ ಒಡೆತನ ಒಬ್ಬರದು, ಸಾಹಿತ್ಯ-ಸ್ವರದ ಒಡೆತನ ಇನ್ನೊಬ್ಬರದು. ಇಬ್ಬರೂ ಒಪ್ಪಬೇಕು, ಇಬ್ಬರೂ ಬೆಲೆ ಹೇಳುತ್ತಾರೆ. ಒಂದು ಹಾಡಿನಲ್ಲಿ ಇಪ್ಪತ್ತು ಚೂರು ಇದ್ದರೆ ಲೆಕ್ಕ ನೀವೇ ಹಾಕಿ. 2005ರಲ್ಲಿ ಇನ್ನೊಂದು ಅಮೆರಿಕನ್ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕೆಂದಿತು. ಚೂರುಗಳನ್ನು ಪೇರಿಸುವ ಆ ಕಲೆ ಪ್ರತಿಭೆ ಬತ್ತಿ ಸಾಯಲಿಲ್ಲ. ವಕೀಲರ ಫೀಸಿನಿಂದ ಸತ್ತಿತು.

ಉಳಿದದ್ದು ಮೂರು ದಾರಿ. ದುಡ್ಡಿದ್ದವರು ಒಂದೇ ದೊಡ್ಡ ಹಾಡನ್ನು ಕೊಂಡು ಇಡಿಯಾಗಿ ಬಳಸಿದರು. 1997ರಲ್ಲಿ ಪಫ್ ಡ್ಯಾಡಿ ‘ದಿ ಪೊಲೀಸ್’ ತಂಡದ ಹಾಡಿನ ಮೇಲೆ ಕಟ್ಟಿದ್ದು ಆ ಬಗೆಯದು. ಮುಂಚೆ ಅನುಮತಿ ಕೇಳಿರಲಿಲ್ಲ, ಆಮೇಲೆ ಹಣದ ಹೊಳೆ ಆ ಹಾಡು ಬರೆದ ಸ್ಟಿಂಗ್ ಕಡೆಗೆ ಹರಿಯಿತು. ಎರಡನೆಯದು ಡಾ. ಡ್ರೆ 1992ರಲ್ಲಿ ಹಿಡಿದ ದಾರಿ: ಹಳೆಯ ಸ್ವರಗಳನ್ನು ವಾದಕರಿಂದ ಮತ್ತೆ ನುಡಿಸುವುದು. ಹಾಗೆ ಮಾಡಿದರೆ ಒಂದು ಬಾಗಿಲು ತಟ್ಟಿದರೆ ಸಾಕು. ಮೂರನೆಯದು ಸ್ಯಾಂಪಲ್ ಸಹವಾಸವೇ ಬೇಡವೆಂದು ಕೀಬೋರ್ಡು, ಡ್ರಮ್ ಯಂತ್ರಗಳನ್ನು ನೆಚ್ಚಿಕೊಳ್ಳುವುದು. ಇಂದಿನ ಸದ್ದು ಹೆಚ್ಚಾಗಿ ಈ ಮೂರನೆಯದರ ಸಂತಾನ.

ಮೂವತ್ತು ಡಾಲರಿಗೆ ತಾಳ

ಎಲ್ಲ ಹಾಡೂ ಒಂದೇ ಥರ ಎನ್ನುವ ದೂರಿಗೆ ಬರೋಣ. ದೂರು ಸುಳ್ಳಲ್ಲ. ರೋಲ್ಯಾಂಡ್ ಕಂಪನಿ 1980ರಿಂದ 1983ರವರೆಗೆ ತಯಾರಿಸಿ ನಿಲ್ಲಿಸಿಬಿಟ್ಟ ಟಿಆರ್-808 ಎಂಬ ಯಂತ್ರದ ಗುಮ್ಮೆನ್ನುವ ಬೇಸ್, ಅದರ ಮೇಲೆ ಮಳೆಹನಿಯಂತೆ ಚಿಟಪಟ ಬೀಳುವ ಹೈ-ಹ್ಯಾಟ್ ಸದ್ದು, ಒಂದು ಮಂಕು ಕೀಬೋರ್ಡ್ ಸ್ವರ. ಅಟ್ಲಾಂಟಾದಲ್ಲಿ ಬೆಳೆದ ಈ ಧಾಟಿಗೆ ಟ್ರ್ಯಾಪ್ ಎನ್ನುತ್ತಾರೆ. ಅದಕ್ಕೊಪ್ಪುವ ಹೇಳುವ ರೀತಿಯೂ ಒಂದುಂಟು. ಒಂದು ಏಟಿನಲ್ಲಿ ಮೂರು ಅಕ್ಷರ ಕೂರಿಸುವುದು, ನಮ್ಮ ತಿಶ್ರ ನಡೆ, ತಕಿಟ ತಕಿಟ. 2013ರಲ್ಲಿ ಮೀಗೋಸ್ ಎಂಬ ತಂಡ ಅದನ್ನು ಎಲ್ಲರ ನಾಲಿಗೆಗೆ ಅಂಟಿಸಿತು. ಅದೂ ಅವರ ಸೃಷ್ಟಿಯಲ್ಲ, ಮೆಂಫಿಸ್‌ನ ಥ್ರೀ ಸಿಕ್ಸ್ ಮಾಫಿಯಾ ತೊಂಬತ್ತರ ದಶಕದಲ್ಲೇ ಮಾಡಿ ತೋರಿಸಿತ್ತು.

ಈಗ ತಾಳ ಮಾಡುವವನೂ ಮಾತು ಹೇಳುವವನೂ ಒಂದೇ ಊರಿನವರಾಗಬೇಕಿಲ್ಲ, ಪರಿಚಿತರೂ ಆಗಬೇಕಿಲ್ಲ. ಬೀಟ್‌ಗಳನ್ನು ಅಂತರ್ಜಾಲದ ಅಂಗಡಿಗಳಲ್ಲಿ ಮಾರಲು ಇಟ್ಟಿರುತ್ತಾರೆ. ಯೂಟ್ಯೂಬಿನಲ್ಲಿ ಇಂಥ ಕಲಾವಿದನ ‘ಟೈಪ್ ಬೀಟ್’ ಎಂದು ಹುಡುಕಿದರೆ ಸಾವಿರಾರು ಸಿಗುತ್ತವೆ. ಮಾರುವವನು ಯಶಸ್ವಿಯಾದವನ ಹೆಸರಿಟ್ಟೇ ಮಾರಬೇಕು, ಇಲ್ಲದಿದ್ದರೆ ಹುಡುಕಾಟದಲ್ಲಿ ಅವನ ಸರಕು ಕಾಣುವುದೇ ಇಲ್ಲ. ಹೋಲುವುದೇ ಮಾರಾಟದ ಷರತ್ತಾದ ಕಡೆ ಹೋಲಿಕೆ ಹೆಚ್ಚಾಗದೆ ಇನ್ನೇನು? ಬ್ರೂಕ್ಲಿನ್ನಿನ ಡಿಸೈನರ್ ಎಂಬ ಹುಡುಗ ಇಂಗ್ಲೆಂಡಿನವನೊಬ್ಬನ ಬೀಟನ್ನು 200 ಡಾಲರಿಗೆ ಕೊಂಡು ಮಾಡಿದ ‘ಪಾಂಡಾ’ 2016ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕೇಳಿದವರು ಅದು ಅಟ್ಲಾಂಟಾದ ಫ್ಯೂಚರ್ ಹಾಡಿದ್ದೆಂದೇ ತಿಳಿದಿದ್ದರು. ತೊಂಬತ್ತರ ದಶಕದಲ್ಲಿ ನಾಲ್ಕು ಸಾಲು ಕೇಳಿದರೆ ಇವನು ನ್ಯೂಯಾರ್ಕಿನವನೋ ಹ್ಯೂಸ್ಟನ್ನಿನವನೋ ಹೇಳಬಹುದಿತ್ತು. ಆ ಊರಿನ ವಾಸನೆ ಹೋದದ್ದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ.

ಆದರೆ ಇದೇ ಅಂಗಡಿಯಿಂದ ‘ಓಲ್ಡ್ ಟೌನ್ ರೋಡ್’ ಕೂಡ ಬಂತು. ನೆದರ್ಲೆಂಡ್ಸ್‌ನ ಹುಡುಗನೊಬ್ಬ ನೈನ್ ಇಂಚ್ ನೇಲ್ಸ್ ತಂಡದ ತಂತಿವಾದ್ಯದ ತುಣುಕಿನ ಮೇಲೆ ಕಟ್ಟಿದ ಬೀಟನ್ನು ಲಿಲ್ ನಾಸ್ ಎಕ್ಸ್ 30 ಡಾಲರಿಗೆ ಕೊಂಡ. ಅದಕ್ಕೆ ಕೌಬಾಯ್ ಹಾಡಿನ ವೇಷ ಹಾಕಿದ. 2019ರಲ್ಲಿ 19 ವಾರ ಅದು ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಮೂಲ ಹಾಡಿನ ಉದ್ದ 1 ನಿಮಿಷ 53 ಸೆಕೆಂಡು. ಈ ಗಿಡ್ಡತನಕ್ಕೂ ಕಾರಣವಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡು ದಾಟಿದರೆ ಒಂದು ಕೇಳುವಿಕೆಯ ಲೆಕ್ಕ. ಎರಡು ನಿಮಿಷದ ಹಾಡಿಗೂ ಐದು ನಿಮಿಷದ ಹಾಡಿಗೂ ಒಂದೇ ಕೂಲಿ ಎಂದಾದ ಮೇಲೆ ಮೂರನೆಯ ಚರಣ ಬರೆಯುವ ಹುಮ್ಮಸ್ಸು ಯಾರಿಗಿರುತ್ತದೆ?

ಗೊಣಗುವವರ ಪರವಾಗಿ ಎರಡು ಮಾತು

2016ರಲ್ಲಿ ವಿಜ್ ಖಲೀಫಾ ರೇಡಿಯೊ ಸಂದರ್ಶನವೊಂದರಲ್ಲಿ ಹೊಸ ಹುಡುಗರನ್ನು ಮಂಬಲ್ ರ‍್ಯಾಪರ್‌ಗಳು ಎಂದ. ಗೊಣಗುವವರು ಎಂದರ್ಥ. ಬಿರುದು ಅಂಟಿಕೊಂಡಿತು. ಮಾತಿನ ಕಸುಬೇ ಕೆಟ್ಟಿತೆಂಬ ದೂರಿಗೆ ಅದು ಗುರುತಾಯಿತು.

ಮಾತನ್ನೇ ಅಳೆಯುವುದಾದರೆ ಮ್ಯಾಟ್ ಡೇನಿಯಲ್ಸ್ ಎಂಬಾತ 2014ರಲ್ಲಿ ಮಾಡಿದ ಲೆಕ್ಕವೊಂದಿದೆ. ಪ್ರತಿ ಕಲಾವಿದನ ಮೊದಲ 35,000 ಪದಗಳಲ್ಲಿ ಬೇರೆ ಬೇರೆ ಪದಗಳೆಷ್ಟು ಎಂದು ಎಣಿಸಿದ್ದು. ಏಸಾಪ್ ರಾಕ್ 7,392 ಪದಗಳೊಂದಿಗೆ ತುದಿಯಲ್ಲಿದ್ದ. ಅದೇ ಅಳತೆಯಲ್ಲಿ ಶೇಕ್ಸ್‌ಪಿಯರ್ 5,170. ಕೊನೆಯಲ್ಲಿದ್ದವನು ಗೊಣಗುವ ಹೊಸ ಹುಡುಗನಲ್ಲ, ತೊಂಬತ್ತರ ದಶಕದ ದೊಡ್ಡ ಹೆಸರು ಡಿಎಂಎಕ್ಸ್, 3,214. ಅವನ ಗಂಟಲಿನಿಂದ ಬರುವ ನಾಯಿಯ ಗುರುಗುಡುವಿಕೆಯನ್ನು ಈ ಎಣಿಕೆಯಲ್ಲಿ ಯಾವ ಪದಕ್ಕೆ ಹಾಕುವುದು? ಪದಗಳ ದಾಸ್ತಾನು ಒಂದು ಅಳತೆ ಮಾತ್ರ.

ಗೊಣಗುವವರು ಗಮನವನ್ನು ಪದದಿಂದ ದನಿಗೆ ಹೊರಳಿಸಿದರು. 2008ರ ಆಲ್ಬಮ್ಮಿನಲ್ಲಿ ಕಾನ್ಯೆ ವೆಸ್ಟ್ ಆಟೊ-ಟ್ಯೂನ್ ಎಂಬ ಶ್ರುತಿ ತಿದ್ದುವ ತಂತ್ರವನ್ನು ದುಃಖ ಹೇಳಲು ಬಳಸಿದಾಗ ಹಳಬರು ನಕ್ಕಿದ್ದರು. ಆ ಆಲ್ಬಂ ಇಲ್ಲದಿದ್ದರೆ ಮುಂದಿನ ಹತ್ತು ವರ್ಷದ ರ‍್ಯಾಪ್ ಬೇರೆಯೇ ಇರುತ್ತಿತ್ತು. ಯಂಗ್ ಥಗ್ ಒಂದು ಸಾಲಿನಲ್ಲಿ ಕಿರುಚಿ, ಮರುಸಾಲಿನಲ್ಲಿ ಪಿಸುಗುಟ್ಟಿ, ಮೂರನೆಯದರಲ್ಲಿ ಪದವನ್ನೇ ನುಂಗುವುದನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಅದು ಸೋಮಾರಿತನವಲ್ಲ. ರಾಕಿಮ್ 1987ರಲ್ಲಿ ಸಾಲಿನ ಕೊನೆಗಷ್ಟೇ ಇದ್ದ ಪ್ರಾಸವನ್ನು ಸಾಲಿನೊಳಗೆಲ್ಲ ಹೆಣೆದು ದಾರಿ ತಿರುಗಿಸಿದಂತೆಯೇ ಇದೂ ಒಂದು ತಿರುವು. ಹೊಸ ಹಾಡುಗಳ ಪೈಕಿ ಬಹುಪಾಲು ಜೊಳ್ಳು ಎಂಬುದನ್ನು ಒಪ್ಪುತ್ತೇನೆ. ಜೊಳ್ಳು ಆಗಲೂ ಇತ್ತು. 1992ರಲ್ಲಿ ಡಾಸ್ ಇಎಫ್‌ಎಕ್ಸ್ ಎಂಬ ಜೋಡಿ ಪದಗಳ ನಡುವೆ ಅರ್ಥವಿಲ್ಲದ ಅಕ್ಷರ ಸೇರಿಸಿ ಹೇಳುವ ಶೈಲಿ ತಂದಾಗ ವರ್ಷವಿಡೀ ಎಲ್ಲರೂ ಅದನ್ನೇ ಹೇಳಿದರು. ಆ ನಕಲುಗಳನ್ನು ಈಗ ಯಾರೂ ಕೇಳುವುದಿಲ್ಲ, ಅದಕ್ಕೇ ಆ ಕಾಲ ಚೊಕ್ಕವಾಗಿ ಕಾಣುತ್ತದೆ.

ಹಳೆಯ ದಿನಗಳ ಹಂಬಲ

ಹಳೆಯ ರ‍್ಯಾಪ್ ಪ್ರಿಯರ ಪಾಲಿಗೆ 1994 ಸುವರ್ಣ ವರ್ಷ. ನಾಸ್‌ನ ‘ಇಲ್‌ಮ್ಯಾಟಿಕ್’ ಬಂದದ್ದು ಆಗ. ಅದೇ ವರ್ಷ ಶಿಕಾಗೋದ ಕಾಮನ್, ಹಿಪ್ ಹಾಪನ್ನು ತಾನು ಹಿಂದೆ ಪ್ರೀತಿಸಿದ ಹುಡುಗಿಯಾಗಿ ಚಿತ್ರಿಸಿ, ಅವಳು ಕೆಟ್ಟುಹೋದಳೆಂದು ಹಾಡು ಕಟ್ಟಿದ! ನಕಲಿನ ದೂರೂ ಆಗ ಇತ್ತು: ಇಲ್‌ಮ್ಯಾಟಿಕ್‌ನ ಮುಖಪುಟದಲ್ಲಿ ನಾಸ್‌ನ ಬಾಲ್ಯದ ಚಿತ್ರವಿದ್ದರೆ, ಕೆಲವು ತಿಂಗಳ ಬಳಿಕ ಬಂದ ನೊಟೋರಿಯಸ್ ಬಿಗ್‌ನ ಆಲ್ಬಮ್ಮಿನ ಮೇಲೂ ಒಂದು ಮಗು ಕೂತಿತ್ತು. ಮುಖಪುಟವನ್ನೂ ಕದ್ದರೆಂದು ವೂ-ಟ್ಯಾಂಗ್ ಎಂಬ ರ‍್ಯಾಪ್ ಬಳಗ ಮರುವರ್ಷ ಆಲ್ಬಮ್ಮಿನಲ್ಲೇ ಚುಚ್ಚಿತು. 2006ರಲ್ಲಿ ಸ್ವತಃ ನಾಸ್ ಹಿಪ್ ಹಾಪ್ ಸತ್ತಿತು ಎಂಬ ಹೆಸರಿನ ಆಲ್ಬಂ ತಂದ. ಆ ಶವಯಾತ್ರೆಯ ಕಾಲವನ್ನೂ ಈಗಿನ ಮೂವತ್ತೈದರವರು ಒಳ್ಳೆಯ ಕಾಲ ಎನ್ನುತ್ತಾರೆ.

ಒಂದು ಸರಪಳಿ ನೋಡಿ. 1974ರಲ್ಲಿ ಗ್ಲಾಡಿಸ್ ನೈಟ್ ಒಂದು ಹಾಡು ಹಾಡುವ ಮುನ್ನ ಮಾತಾಡುತ್ತಾಳೆ: ಎಲ್ಲರೂ ಹಳೆಯ ದಿನಗಳೇ ಚೆಂದವೆನ್ನುತ್ತಾರಲ್ಲ ಎಂಬುದು ಅದರ ಸಾರ. ಆ ಹಾಡೂ ಅವಳದಲ್ಲ, ಬಾರ್ಬ್ರಾ ಸ್ಟ್ರೈಸಾಂಡ್ ಹಾಡಿದ 1973ರ ಸಿನಿಮಾ ಹಾಡು, ಜೊತೆಗೆ ಒಂದು ಹಳೆಯ ಸಂಗೀತ ನಾಟಕದ ಹಾಡಿನ ಎಳೆ. 1993ರಲ್ಲಿ ವೂ-ಟ್ಯಾಂಗ್‌ನ ರಿಜ್ಜಾ ಅದರಿಂದ ಎತ್ತಿಕೊಂಡು ಸ್ಟೇಟನ್ ಐಲೆಂಡಿನ ಬಡ ಬಾಲ್ಯದ ನೆನಪಿಗೆ ಹಾಸಿದ. 1998ರಲ್ಲಿ ಲಾರಿನ್ ಹಿಲ್ ವೂ-ಟ್ಯಾಂಗ್‌ನ ಆ ಹಾಡಿನ ಎಳೆ ಹಿಡಿದು ಮುರಿದ ಪ್ರೇಮದ ಹಾಡು ಮಾಡಿದಳು. 2018ರಲ್ಲಿ ಡ್ರೇಕ್ ಹಿಲ್‌ಳ ದನಿಯ ವೇಗ ಹೆಚ್ಚಿಸಿ ಕುಣಿತದ ಹಾಡಾಗಿಸಿದ. ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು? ನನ್ನ ಓಟು ಲಾರಿನ್ ಹಿಲ್‌ಗೆ. ಆದರೆ ಅವಳು ಮೊದಲಿಗಳಾದ್ದರಿಂದಲ್ಲ. ಅವಳು ನಡುವಿನವಳು.

ಲತಾ ದನಿ, ಬೆಂಗಳೂರು ಬೀಟ್

ಭಾರತ ಈ ಕತೆಯೊಳಗೆ ಕಳ್ಳಮಾಲಾಗಿಯೂ ಬಂದಿದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡಿನುದ್ದಕ್ಕೂ ಲತಾ ಮಂಗೇಶ್ಕರ್ ದನಿ ಕೇಳಿಸುತ್ತದೆ. 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಹಿರಿ ಮಾಡಿದ ಹಾಡು ಅದು. ಲಹಿರಿ ಅಮೆರಿಕದ ಕೋರ್ಟಿಗೆ ಹೋದರು. ಅವರ ಹೆಸರು ನಮೂದಿಸದೆ ಸಿಡಿ ಮಾರಬಾರದೆಂದು ಲಾಸ್ ಏಂಜಲೀಸ್‌ನ ನ್ಯಾಯಾಲಯ ಆದೇಶಿಸಿತು. ಪಾಶ್ಚಾತ್ಯ ಟ್ಯೂನು ಎತ್ತುತ್ತಾರೆಂಬ ಮಾತನ್ನು ತಾವೂ ಜೀವನಪೂರ್ತಿ ಕೇಳಿದ್ದವರು ಲಹಿರಿ ಎಂಬುದು ಬೇರೆ ವಿಷಯ. ಅದೇ ವರ್ಷ ಎರಿಕ್ ಸರ್ಮನ್ ಇನ್ನೊಂದು ಹಿಂದಿ ಹಾಡಿನ ಸಾಲು ಬಳಸಿದ. ಸಾಲಿನಲ್ಲಿರುವುದು ಆತ್ಮಹತ್ಯೆಯ ಮಾತು. ಅರ್ಥ ಗೊತ್ತಿಲ್ಲದ ರ‍್ಯಾಪರ್ ಆಕೆ ಹೇಳಿದ್ದಕ್ಕೆಲ್ಲ ನಾನೂ ಸೈ ಎಂಬ ಧಾಟಿಯಲ್ಲಿ ಉತ್ತರಿಸುತ್ತಾನೆ.

ಬೆಂಗಳೂರಿನ ಬ್ರೋಧಾ ವಿ 2012ರ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮಭಜನೆ ತಂದಾಗ ಬ್ರಾಂಕ್ಸ್‌ನವರು ಮಾಡಿದ್ದನ್ನೇ ಮಾಡಿದ: ಮನೆಯಲ್ಲಿ ಕೇಳಿ ಬೆಳೆದದ್ದನ್ನು ಎತ್ತಿಕೊಂಡ. ಹ್ಯೂಸ್ಟನ್ನಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ 2024ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಹೊಕ್ಕಿತು. ಅಮೆರಿಕನ್ ದಕ್ಷಿಣದ ಉಚ್ಚಾರದಲ್ಲಿ ಹಾಡುವುದು ನಕಲಲ್ಲವೇ ಎಂಬ ಪ್ರಶ್ನೆ ಎದ್ದಿತು. ಅದು ಅವನು ಬೆಳೆದ ಊರಿನ ಉಚ್ಚಾರ, ಕಲಿತು ಹಾಕಿಕೊಂಡದ್ದಲ್ಲ.

ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರು ಕಾಲೇಜು ಹಬ್ಬ, ಮದುವೆ ಮನೆಗಳ ತನಕ ಒಯ್ದ ಕನ್ನಡ ರ‍್ಯಾಪಿಗೆ ಅದರದೇ ಒಂದು ತೊಡಕಿದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬರ್ತೀನಿ, ನೋಡ್ತೀನಿ, ಮಾಡ್ತೀನಿ ಎಂದುಕೊಂಡು ಹೋದರೆ ಅಂತ್ಯಪ್ರಾಸ ಪುಕ್ಕಟೆ. ಇಂಗ್ಲಿಷಿನ ರ‍್ಯಾಪರ್ ಬೆವರು ಸುರಿಸಿ ಸಂಪಾದಿಸುವುದು ಇಲ್ಲಿ ವ್ಯಾಕರಣದ ಕೃಪೆ. ಹಾಗಾಗಿ ಕನ್ನಡದಲ್ಲಿ ಕಸುಬು ತೋರಿಸಬೇಕಾದದ್ದು ಸಾಲಿನ ಒಳಗೆ, ನಮ್ಮ ಕವಿಗಳು ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂರಿಸುತ್ತಿದ್ದ ಜಾಗದಲ್ಲಿ. ಅಲ್ಲಿ ಕೈಹಾಕಿದವರು ಇನ್ನೂ ಕಡಿಮೆ.

ಒಬ್ಬನೇ ಟೂಪಾಕ್, ಎರಡು ಸಲ

1996ರಲ್ಲಿ ಕೊಲೆಯಾದ ಟೂಪಾಕ್ ಶಕೂರ್‌ನ ದನಿಯನ್ನು ಈಚೆಗೆ ಇಬ್ಬರು ಬಳಸಿದರು. 2015ರ ಆಲ್ಬಮ್ಮಿನ ಕೊನೆಗೆ ಕೆಂಡ್ರಿಕ್ ಲಮಾರ್ ಟೂಪಾಕ್ ಜೊತೆ ಸಂಭಾಷಣೆ ನಡೆಸುತ್ತಾನೆ. ಉತ್ತರಗಳು 1994ರಲ್ಲಿ ಸ್ವೀಡನ್ನಿನ ರೇಡಿಯೊಗೆ ಟೂಪಾಕ್ ಕೊಟ್ಟ ಸಂದರ್ಶನದವು. ಪ್ರಶ್ನೆಗಳು ಮಾತ್ರ ಹೊಸವು. ಸತ್ತವನ ಬಾಯಲ್ಲಿ ಅವನು ಆಡದ ಒಂದು ಮಾತನ್ನೂ ಇಡಲಿಲ್ಲ. ಹರ್ಕ್‌ನಿಂದ ಬಂದ ವಿದ್ಯೆಯ ಪರಮಾವಧಿ ಎಂದರೆ ಇದೇ ಎನಿಸುತ್ತದೆ. ಇದೇ ಲಮಾರ್‌ಗೆ 2018ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು, ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಹೊರಗಿನವರಿಗೆ ಅದು ಸಂದದ್ದು ಅದೇ ಮೊದಲು. ಹೊಸ ರ‍್ಯಾಪಿನಲ್ಲಿ ಕಲೆಯಿಲ್ಲ ಎನ್ನುವವರು ಇವನ ಹೆಸರು ಬಂದಾಗ ಮಾತು ಬದಲಿಸುತ್ತಾರೆ.

2024ರ ಏಪ್ರಿಲಿನಲ್ಲಿ ಲಮಾರ್ ಜೊತೆ ಹಾಡಿನ ಕಾಳಗಕ್ಕೆ ಇಳಿದಿದ್ದ ಡ್ರೇಕ್, ಕೃತಕ ಬುದ್ಧಿಮತ್ತೆಯಿಂದ ಟೂಪಾಕ್ ದನಿ ತಯಾರಿಸಿ, ತಾನು ಬೇಕೆಂದ ಮಾತನ್ನು ಅದರಿಂದ ಹೇಳಿಸಿದ. ಟೂಪಾಕ್ ಆಸ್ತಿಯ ವಾರಸುದಾರರು ವಕೀಲರ ನೋಟಿಸು ಕಳಿಸಿದರು, ಕೆಲವೇ ದಿನದಲ್ಲಿ ಹಾಡು ಮಾಯವಾಯಿತು. ತಾಳ ಯಾರದ್ದಾದರೂ ಆಗಲಿ, ಮಾತು ನಿನ್ನದಿರಲಿ ಎಂಬ ಹಳೆಯ ಕಟ್ಟಳೆ ಇಲ್ಲಿ ತಲೆಕೆಳಗಾಗಿತ್ತು: ಮಾತು ತನ್ನದು, ಬಾಯಿ ಇನ್ನೊಬ್ಬನದು.

ಮರುತಿಂಗಳು ಮೆಟ್ರೋ ಬೂಮಿನ್ ಎಂಬ ಸಂಗೀತ ನಿರ್ಮಾಪಕ ಡ್ರೇಕ್‌ನನ್ನು ಗೇಲಿ ಮಾಡಲು ಒಂದು ಬೀಟ್ ಕಟ್ಟಿ ಪುಕ್ಕಟೆಯಾಗಿ ಹಂಚಿದ. ಇದರ ಮೇಲೆ ಅತ್ಯುತ್ತಮವಾಗಿ ಹೇಳಿದವರಿಗೆ 10 ಸಾವಿರ ಡಾಲರ್ ಬಹುಮಾನ ಎಂದ. ಬೀಟಿನ ನಡುವೆ ಎಪ್ಪತ್ತರ ದಶಕದ ಸೋಲ್ ಹಾಡೊಂದರ ಸ್ಯಾಂಪಲ್ ಕೇಳಿಸುತ್ತದೆ. ಅಂಥ ಹಾಡು ಎಪ್ಪತ್ತರ ದಶಕದಲ್ಲಿ ಇರಲೇ ಇಲ್ಲ. ಕಿಂಗ್ ವಿಲೋನಿಯಸ್ ಎಂಬ ಹಾಸ್ಯ ಕಲಾವಿದ ಸಾಹಿತ್ಯ ಬರೆದು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಮಾಡಿಸಿದ ಹಾಡು ಅದು. ಕೆಲವು ವಾರಗಳಾದ ಮೇಲೆ ಡ್ರೇಕ್ ತಾನೇ ಆ ಬೀಟಿನ ಮೇಲೆ ರ‍್ಯಾಪ್ ಹೇಳಿದ, ಸೆಕ್ಸಿ ರೆಡ್ ಎಂಬ ಗಾಯಕಿಯ ಹಾಡಿನಲ್ಲಿ. ಅದಕ್ಕೆ ಬೇಕಾದ ಸ್ಯಾಂಪಲ್ ಅನುಮತಿಯನ್ನು ವಿಲೋನಿಯಸ್‌ನಿಂದ ಪಡೆದರು. ಆ ಧ್ವನಿಮುದ್ರಣದಲ್ಲಿ ಡ್ರಮ್ ಬಾರಿಸಿದವನಾಗಲಿ ಹಾಡಿದವನಾಗಲಿ ಕೇಳಲು ಇರಲಿಲ್ಲ.